ಗಿರ್ಮಿಟ್ ಇಪ್ಪತ್ತಮೂರರ ಎರಡು ಸಾಲು

ಐವತ್ತೊಂಬತ್ತು ಎಂಬ ಅಂಕಿಯನ್ನು ಸಂಘಮಿತ್ರಾಳಿಗೆ ಹೇಳಿದವಳು ನಾನೇ.

ಅವಳು ನನ್ನ ತಂಗಿ. ಕಂಪ್ಯೂಟರ್ ತಾನೇ ಚದುರಂಗ ಆಡುವಂಥ ಒಂದು ಪ್ರೋಗ್ರಾಮನ್ನು ಐದು ವರ್ಷಗಳಿಂದ ಬರೆಯುತ್ತಿದ್ದಳು. ಮಂಡಕ್ಕಿಯ ಗಿರ್ಮಿಟ್‌ನಂತೆ ಕೈಗೆ ಸಿಕ್ಕಿದ್ದೆಲ್ಲ ಹಾಕಿ ಕಲಸಿದ್ದು ಎಂದು ಅದಕ್ಕೂ ಅದೇ ಹೆಸರು. ಏನಾದರೂ ಬದಲಾಯಿಸಿದಾಗಲೆಲ್ಲ ಹಳೆಯ ಗಿರ್ಮಿಟ್‌ಗೂ ಹೊಸದಕ್ಕೂ ನೂರಾರು ಆಟ ಕಟ್ಟುವಳು. ಆಡುವುದು, ಅಂಕ ಬರೆದಿಡುವುದು ಎಲ್ಲ ಕಂಪ್ಯೂಟರಿನದೇ ಕೆಲಸ. ಹೊಸದು ಗೆದ್ದರೆ ಬದಲಾವಣೆ ಉಳಿಯುತ್ತಿತ್ತು. ಇಲ್ಲದಿದ್ದರೆ ಎಷ್ಟು ದಿನ ಕೂತು ಬರೆದದ್ದಾದರೂ ಅಳಿಸಿಬಿಡುವಳು.

ಮಾರ್ಚ್ ತಿಂಗಳಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿಕೊಂಡು, ಅವಳು ಎರಡು ಸಾಲು ಸೇರಿಸಿ ಇಪ್ಪತ್ತಮೂರನೆಯ ಗಿರ್ಮಿಟ್ ಮಾಡಿದಳು. ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟು, "ಮನ್ಯಾಗ ಇಪ್ಪತ್ತೆರಡರ ಜೋಡಿ ನೂರ ಆಟ ಆಡಿಸ್ಕೊಂಡ ಬಾ. ಒಂದೊಂದ ಆಡಸು, ಗಡಿಬಿಡಿ ಮಾಡಬ್ಯಾಡ" ಎಂದಳು. ಸಂಜೆ ನಾನು ಹೇಳಿದೆ: ಹೊಸದಕ್ಕೆ ನೂರಕ್ಕೆ ಐವತ್ತೊಂಬತ್ತು ಅಂಕ.

"ಖರೇ?"

"ಖರೇನ."

ಅಂದು ಅವಳು ಎರಡು ತುತ್ತು ಹೆಚ್ಚು ಉಂಡಳು. ಚದುರಂಗ ಪ್ರೋಗ್ರಾಮುಗಳ ಈ ಸಲದ ಸ್ಪರ್ಧೆಗೆ ಇಪ್ಪತ್ತಮೂರನ್ನೇ ಕಳಿಸು ಎಂದು ರೆಹಾನನಿಗೆ ಫೋನು ಮಾಡಿದಳು. ನಾಲ್ಕನೆಯ ದಿನ ಅವಳಿರಲಿಲ್ಲ.

ರೆಹಾನ ಅವಳ ಜೊತೆ ಕಾಲೇಜಿನಲ್ಲಿ ಓದಿದವನು. ಹಳೇ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಗಿರ್ಮಿಟ್‌ನ ಪ್ರತಿಗಳು ಅವನ ಬಳಿಯೂ ಇದ್ದವು. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಗೋಪನಕೊಪ್ಪದ ನಮ್ಮ ಮನೆಗೆ ಬಂದ. ಸ್ಪರ್ಧೆಗೆ ಪ್ರೋಗ್ರಾಮ್ ಕಳಿಸಲು ಅಂದು ಸಂಜೆ ಐದರವರೆಗೆ ಮಾತ್ರ ಅವಕಾಶ. ಅವನು ಚಪ್ಪಲಿ ಬಿಡಲು ತೆಗೆದುಕೊಂಡ ಹೊತ್ತು ನೋಡಿಯೇ ನನಗೆ ಅಳುಕಾಯಿತು.

"ಅಕ್ಕಾರ, ನನ್ನ ಅಂಗಡ್ಯಾಗ ಉಲ್ಟಾ ಬರಾಕತ್ತೈತ್ರಿ. ವಾರಪೂರ್ತಿ ಸಾವಿರ ಆಟ ಆಡಿಸಿದೆ. ಹೊಸಾದಕ್ಕ ನಾಲ್ಕನೂರಾ ಅರವತ್ತು. ಹಳೇದ ಛಲೋ ಆಡತೈತಿ."

"ನಿನ್ನ ಮಷೀನ್ ಕೆಟ್ಟಿರಬೇಕು."

"ರಿಪೇರಿ ಅಂಗಡಿಯಾವಗ ಹಂಗ ಅಂದ್ರ ನಾ ಬಾಗಲಾ ಹಾಕಬೇಕ್ರಿ" ಎಂದು ನಕ್ಕ. ನಾನು ನಗಲಿಲ್ಲವೆಂದು ತಾನೂ ನಿಲ್ಲಿಸಿದ. "ನೂರು ಆಟ ಅಂದ್ರ ಭಾಳ ಕಡಿಮಿ. ಬರೇ ಅದೃಷ್ಟಾನೂ ಇರಬಹುದು. ಆದ್ರ ನಿಮ್ಮಲ್ಲಿ ಆಡಿದ್ದನ್ನ ಒಮ್ಮೆ ನೋಡಿಬಿಡತೇನಿ."

ಮಾರ್ಚಿನ ಆಟಗಳ ದಾಖಲೆ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಇತ್ತು. ಪ್ರತಿ ಆಟದ ಕೊನೆಯಲ್ಲಿ ಯಾರು ಸೋತರು, ಯಾಕೆ ಸೋತರು ಎಂದು ಒಂದು ಸಾಲು. ಅವನು ಒಂದೊಂದಾಗಿ ಕೆಳಗೆ ಸರಿಸುತ್ತ ಹೋದ. ನಾನು ಅವನ ಮುಖ ನೋಡುತ್ತ ಕೂತೆ. ತಂಗಿಯ ರಕ್ತಪರೀಕ್ಷೆಯ ಕಾಗದ ಓದುವಾಗ ಡಾಕ್ಟರ ಮುಖ ನೋಡುತ್ತಿದ್ದ ಹಾಗೆ.

ಅವ್ವ ಚಹಾ ತಂದಳು. "ಯಾರ ಗೆದ್ರಪಾ?"

"ಅದನ್ನ ನೋಡಾಕತ್ತೇನ್ರಿ, ಅವ್ವಾರ."

"ಎರಡೂ ನಮ್ಮ ಮಿತ್ರಾಂದ ಅಲ್ಲ? ಮನ್ಯಾಗಿನ ಜಗಳ ಅದು. ಯಾರ ಗೆದ್ರೂ ಅಡಗಿ ನಾನ ಮಾಡಬೇಕ." ಹಾಗೆಂದು ಒಳಗೆ ಹೋದಳು.

ರೆಹಾನ ಪರದೆಯ ಮೇಲೆ ಬೆರಳಿಟ್ಟ. "ಇಲ್ಲಿ ನೋಡ್ರಿ. ಸಮಯ ಮುಗಿದು ಸೋಲು. ಇದೂ. ಇದೂ. ಹತ್ತೊಂಬತ್ತು ಆಟದಾಗ ಹಳೇದ ಹಿಂಗ ಸೋತೈತಿ. ರಾಜಾ ಸಿಕ್ಕಿಲ್ರಿ, ಗಡಿಯಾರ ಮುಗದೈತಿ. ನನ್ನ ಕಡೆ ಸಾವಿರದಾಗ ಒಂದೂ ಹಿಂಗ ಇಲ್ಲ." ನನ್ನ ಕಡೆ ತಿರುಗಿದ. "ಒಂದೊಂದ ಆಡಿಸಿದ್ರಿಲ್ಲೋ?"

ಒಂದೊಂದೇ ಆಡಿಸಿದರೆ ಮೂರು ತಾಸಿಗೂ ಹೆಚ್ಚು ಬೇಕಿತ್ತು. ಮಾರ್ಚಿನ ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತಂಗಿಯ ಉಗುರು ನೀಲಿಯಾಗಿದ್ದನ್ನು ಕಂಡಿದ್ದೆ. ಮನೆಯಲ್ಲಿ ಅಷ್ಟು ಹೊತ್ತು ಕೂರುವ ಧೈರ್ಯ ನನಗಿರಲಿಲ್ಲ. ಏಕಕಾಲಕ್ಕೆ ಎಷ್ಟು ಆಟ ಎಂದು ಕೇಳುವಲ್ಲಿ ಒಂದನ್ನು ಅಳಿಸಿ ನಾಲ್ಕು ಎಂದು ಹಾಕಿದೆ. ಮುಕ್ಕಾಲು ತಾಸಿನಲ್ಲಿ ಮುಗಿಯಿತು. ಬಸ್ಸು ಹಿಡಿದೆ.

"ನಾಲ್ಕು" ಎಂದೆ. "ಲಗೂ ಆಗಲಿ ಅಂತ."

ಅದರಿಂದ ಏನಾಯಿತೆಂದು ಅವನನ್ನು ಕೇಳಿ ತಿಳಿದುಕೊಂಡೆ. ಆ ಹಳೆಯ ಲ್ಯಾಪ್‌ಟಾಪಿಗೆ ನಾಲ್ಕು ಆಟ ಹೊರುವ ಶಕ್ತಿ ಇಲ್ಲ. ಯೋಚಿಸಲು ಸರದಿ ಸಿಗದೆ ಕಾಯುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಹಳೆಯದು ಕೊನೆಯ ಕ್ಷಣದವರೆಗೆ ಯೋಚಿಸುವಂಥದ್ದು, ಸಿಕ್ಕಿಬಿದ್ದಿತು. ಮಿತ್ರಾ ಬರೆದ ಎರಡು ಸಾಲು ಹೊಸದಕ್ಕೆ ಬೇಗ ಮುಗಿಸುವುದನ್ನು ಕಲಿಸಿದ್ದವು, ಅದು ಪಾರಾಯಿತು. ಸಾವಕಾಶವಾಗಿ ಆಡಿಸಿದರೆ ಅದೇ ಅವಸರ ಅದನ್ನು ಸೋಲಿಸುತ್ತದೆ.

"ಆಕಿ ಇದ್ರ ನಿಮಗ ಬೈತಿದ್ಲು" ಎಂದ ರೆಹಾನ. "ನನಗೂ ಬೈತಿದ್ಲು. ಇಷ್ಟ ಹಿಡ್ಯಾಕ ನಿನಗ ವಾರ ಬೇಕಾತೇನೋ ಮಬ್ಬ ಅಂತ."

"ನಾ ಸುಳ್ಳ ಹೇಳಿ ಕಳಿಸಿದೆ ಆಕಿನ್ನ."

"ನಿಮಗ ಗೊತ್ತಿರಲಿಲ್ಲಲ್ರಿ."

ಗೊತ್ತಿರಲಿಲ್ಲ, ನಿಜ. ಆದರೆ ಒಂದೊಂದೇ ಆಡಿಸು ಎಂದಾಗ ಹೂಂ ಅಂದಿದ್ದೆ. ಸರಿಯಾದ ಅಂಕ ಒಯ್ದಿದ್ದರೆ ಅವಳು ಆ ಸಾಲುಗಳನ್ನು ಅಳಿಸಿ ಬೇರೆ ಏನನ್ನಾದರೂ ಬರೆಯುತ್ತಿದ್ದಳೋ ಏನೋ. ಇನ್ನೂ ಮೂರು ದಿನ ಇದ್ದವು.

ಗಂಟೆ ನಾಲ್ಕಾಗಿತ್ತು. ಅವನು ಮೆಲ್ಲಗೆ ಕೇಳಿದ, "ಆಕಿ ಹೇಳಿದ್ದು ಇಪ್ಪತ್ತಮೂರು. ಅದನ್ನ ಕಳಸೂಣೇನ್ರಿ? ಯಾರಿಗಿ ಗೊತ್ತಾಗತೈತಿ?"

ಕಳಿಸಿದರೆ ಅದು ಸೋಲುತ್ತದೆ. ಪ್ರತಿ ಸೋಲಿನ ಎದುರೂ ಸಂಘಮಿತ್ರಾಳ ಹೆಸರಿರುತ್ತದೆ, ನನ್ನದಲ್ಲ.

"ಆ ಎರಡ ಸಾಲು ತೋರಸು" ಎಂದೆ.

ಅವನು ಹುಡುಕಿ ತೋರಿಸಿದ. ಪಕ್ಕದಲ್ಲಿ ಅವಳು ಎಂದಿನಂತೆ ತಾರೀಖು ಹಾಕಿದ್ದಳು. ಒಂದು ಅಕ್ಷರ ಎರಡು ಸಲ ಬಿದ್ದು, ಹಾಗೆಯೇ ಉಳಿದಿತ್ತು.

"ನಾ ಅಳಸಲೇನ್ರಿ, ಅಕ್ಕಾರ?"

"ಬ್ಯಾಡ."

ನಾನೇ ಅಳಿಸಿದೆ; ಇನ್ನು ಕಳಿಸುವುದು ಇಪ್ಪತ್ತೆರಡನ್ನೇ. ಕೆಳಗಿನ ಸಾಲುಗಳು ಮೇಲೆ ಸರಿದು ಆ ಜಾಗವನ್ನು ಮುಚ್ಚಿಕೊಂಡವು.