ದರ್ಜಿ ಕಟ್ಟಿದ ಹಾಡು

ದರ್ಜಿ ಆಸ್ಪತ್ರೆ ಸೇರಿ ಹನ್ನೊಂದು ದಿನವಾಗಿತ್ತು. ಹೊಟ್ಟೆಯಲ್ಲಿ ಗಂಟು ಬೆಳೆದಂತೆಲ್ಲ ಬಾಯಲ್ಲಿ ಮಾತು ಕಡಿಮೆಯಾಗುತ್ತ ಬಂದಿತ್ತು. ಯಾರು ಏನು ಕೇಳಿದರೂ "ಹೂಂ, ಪರವಾಗಿಲ್ಲ." ನಿಜವಾಗಿ ಎಲ್ಲಿ ನೋಯುತ್ತಿದೆ ಎಂದು ಹೆಂಡತಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು.

ಆವತ್ತು ಒಬ್ಬಳು ಗಿಟಾರ್ ಹಿಡಿದು ವಾರ್ಡಿಗೆ ಬಂದಳು. ಸಂಗೀತ ಚಿಕಿತ್ಸೆ ಕಲಿತವಳಂತೆ. ರೋಗಿಯ ಬಾಯಿಗೆ ಆ ಗಳಿಗೆಗೆ ಬಂದ ಮಾತಿನಲ್ಲೇ ಹಾಡು ಕಟ್ಟಿಸುವವಳಂತೆ.

ದರ್ಜಿಯ ಹೆಂಡತಿ ನರ್ಸನ್ನು ಪಕ್ಕಕ್ಕೆ ಕರೆದಳು. "ಸಿಸ್ಟರ್, ನನ್ನ ಹತ್ರ ಮುಚ್ಚಿಡಬೇಡಿ. ರಿಪೇರಿ ಆಗದ ಬಟ್ಟೆಗೆ ನಾವೂ ಒಂದು ಇಸ್ತ್ರಿ ಹೊಡೆದು ಕೊಟ್ಟುಬಿಡ್ತೀವಿ. ಇವರದ್ದೂ ಹಾಗೇನಾ? ಕೈ ಬಿಟ್ರಾ?"

"ಇಲ್ಲ ಅಕ್ಕ. ಔಷಧಿ ಅದರ ಪಾಡಿಗೆ ನಡೆಯುತ್ತೆ. ಇದು ಅದರ ಜೊತೆಗೆ."

"ಹಾಡಿದ್ರೆ ಗಂಟು ಕರಗುತ್ತಾ?"

"ಕರಗಲ್ಲ. ಕರಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಇದರಿಂದ ಹೆಂಡತಿಯ ಅನುಮಾನ ಇನ್ನೂ ಹೆಚ್ಚಿತು. ಕರಗದಿದ್ದರೆ ಬಂದದ್ದು ಯಾಕೆ? ಗಿಟಾರಿನವಳ ಕೈಯಲ್ಲಿ ಬರೆಯುವ ಪುಸ್ತಕ ಬೇರೆ. ಮನೆ ಮಾತೆಲ್ಲ ಬರೆದುಕೊಂಡು ಹೋಗಿ ಊರಿಗೆಲ್ಲ ಹಾಡಿದರೆ? ಹೆಂಡತಿ ಹಾಸಿಗೆಯ ಪಕ್ಕದ ಪರದೆಯ ಹಿಂದೆ ಕಿವಿಗೊಟ್ಟು ನಿಂತಳು.

"ನಂಗೆ ಹಾಡು ಬರಲ್ಲಮ್ಮ," ಎಂದ ದರ್ಜಿ. "ನನ್ನ ದನಿ ಕೇಳಿದ್ರೆ ಗಿರಾಕಿಗಳು ಅಳತೆ ಕೊಡದೆ ಓಡಿಹೋಗ್ತಾರೆ."

"ಬರಬೇಕಾಗಿಲ್ಲ ಅಣ್ಣ. ನಿಮ್ಮ ಕಾಲು ಆಗ್ಲೇ ತಾಳ ಹಾಕ್ತಿದೆ. ಬೇಡ ಅನ್ನಿಸಿದಾಗ ಹೇಳಿ, ನಿಲ್ಲಿಸೋಣ."

ಹೌದು, ಹೊದಿಕೆಯೊಳಗೆ ಅವನ ಪಾದ ಹೊಲಿಗೆ ಯಂತ್ರ ತುಳಿಯುವಂತೆ ಆಡುತ್ತಿತ್ತು. ಆ ತುಳಿತಕ್ಕೆ ಸರಿಯಾಗಿ ಅವಳು ತಂತಿ ಮೀಟಿದಳು. ಸ್ವಲ್ಪ ಹೊತ್ತಿಗೆ ಒಡಕು ದನಿ ಹೊರಟಿತು:

"ಅಂಗಿ ಅಳತೆ ತಪ್ಪಲಿಲ್ಲ, ಮೈಯೇ ಸಡಿಲವಾಯ್ತು,
ಬೆನ್ನಿನೊಳಗೆ ಸೂಜಿಯೊಂದು ಮುರಿದು ಕೂತುಬಿಟ್ಟಿತು,
ಅವಳಿಗಿದನ್ನು ಹೇಳಬೇಡಿ, ಹೇಳಿದರವಳು
ದಾರ ಕಡಿಯೋ ಹಲ್ಲು ಕಚ್ಚಿ ಸುಮ್ಮನೆ ಕೂರ್ತಾಳೆ."

ಪರದೆ ಸರಿಯಿತು. "ರೀ, ಬೆನ್ನಲ್ಲಿ ನೋವು ಎಷ್ಟು ದಿನದಿಂದ?"

"ಇಲ್ಲಿಗೆ ಬಂದಾಗಿಂದ."

"ನನ್ನ ಹಲ್ಲು ಗಟ್ಟಿ ಇದೆ. ಅದನ್ನೂ ಹಾಡಿಗೆ ಸೇರಿಸಿ."

ದರ್ಜಿ ನಕ್ಕ. ಹೆಂಡತಿ ಆಗಲೇ ಹೋಗಿ ಡಾಕ್ಟರನ್ನು ಕರೆತಂದಳು. ನೋವಿನ ಔಷಧಿ ಬದಲಾಯಿತು. ಗಂಟು ಇದ್ದಲ್ಲೇ ಇತ್ತು, ಮಾತು ಮಾತ್ರ ಮರಳಿತು. ಗಿಟಾರಿನವಳು ಹಾಡು ಬರೆದುಕೊಂಡಿದ್ದ ಹಾಳೆಯನ್ನು ಹೆಂಡತಿ ಕೇಳಿ ಪಡೆದು ತನ್ನ ಚೀಲದಲ್ಲೇ ಇಟ್ಟುಕೊಂಡಳು. ಅಷ್ಟು ಅನುಮಾನ ಇನ್ನೂ ಉಳಿದಿತ್ತು.

ನಿಮ್ಮ ಮನೆಯಲ್ಲೂ ದೊಡ್ಡ ಕಾಯಿಲೆಯವರಿದ್ದರೆ, ಹೀಗೆ ಹಾಡು ಕಟ್ಟಿಸುವವರು ಆಸ್ಪತ್ರೆಯಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ರಾಗ ಬರದಿದ್ದರೂ ಅಡ್ಡಿಯಿಲ್ಲ. ಔಷಧಿ ಮಾತ್ರ ನಿಲ್ಲಿಸಬೇಡಿ. ಅನುಮಾನವಿದ್ದರೆ ಇರಲಿ, ಪ್ರಶ್ನೆ ಕೇಳಿ. ಆದರೆ ಪರದೆಯ ಹಿಂದೆ ನಿಲ್ಲಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.