ಈನಕ್ ಗಾರ್ಬಟ್‌ನ ಪಾಲಿನ ಆಮೆನ್

“ಮಾತಾಡಿಸ್ತಾನೇ ಇರಿ. ನಿದ್ದೆಗೆ ಜಾರಿದ್ರೆ ಕಷ್ಟ,” ಎಂದು ಫೋನಿನಲ್ಲಿ ವೈದ್ಯೆ ಎಚ್ಚರಿಸಿದಳು.

ಪಾದ್ರಿ ರೋಸಲಿಂಡ್ ಥ್ವೇಟ್ ಗಂಟೆಗೋಪುರದ ಬಾಗಿಲಿಗೆ ಕಿವಿಯಾನಿಸಿದಳು. ಅದರಾಚೆ, ಕುಸಿದ ಅಟ್ಟದ ತೊಲೆಯಡಿ ಮುದುಕ ಈನಕ್ ಗಾರ್ಬಟ್ ಸಿಕ್ಕಿಬಿದ್ದಿದ್ದ. ಉರುಳಿದ ಕಲ್ಲುಗಳು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿದ್ದವು. ಹೊಳೆ ಸೇತುವೆಯ ಮೇಲೆ ಹರಿಯುತ್ತಿದ್ದುದರಿಂದ ಅಗ್ನಿಶಾಮಕದವರು ಗುಡ್ಡ ಬಳಸಿ ಬರಬೇಕಿತ್ತು.

“ಈನಕ್! ಕೇಳಿಸ್ತಿದೆಯಾ?”

ಒಳಗಿನಿಂದ ನರಳಿಕೆಯಷ್ಟೇ ಕೇಳಿಸಿತು.

ಯಾರ್ಕ್‌ಶೈರಿನ ಆ ಕಣಿವೆಯ ಚರ್ಚಿನಲ್ಲಿ ಪಾದ್ರಿಯ ಪ್ರಾರ್ಥನೆಗೆ ಮಾರುತ್ತರ ಕೊಡುವವನು ಈನಕ್. ಕಡೆಯ ‘ಆಮೆನ್’ ಅವನ ಹಕ್ಕು. ಅವನ ತಂದೆಗೂ ಅದೇ ಹಕ್ಕಿತ್ತು. ಹೊಸದಾಗಿ ಬಂದ ರೋಸಲಿಂಡ್ ಮೊದಲ ಭಾನುವಾರವೇ ಆ ‘ಆಮೆನ್’ ತಾನೇ ಹೇಳಿಬಿಟ್ಟಿದ್ದಳು. ಸಾಲದೆಂಬಂತೆ, ಮಕ್ಕಳಿಗೂ ಅರ್ಥವಾಗಲೆಂದು ಪ್ರಾರ್ಥನೆಯ ಹಳೆಯ ಇಂಗ್ಲಿಷನ್ನು ಕಿತ್ತು ಇಂದಿನ ಇಂಗ್ಲಿಷನ್ನು ತಂದಳು. ದೇವರನ್ನು ಕರೆಯುವ ‘ದೌ’ ಹೋಗಿ ‘ಯೂ’ ಬಂತು. ಅಂದಿನಿಂದ ಈನಕ್ ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಬೇರೇನೂ ತೋಚದೆ ಅವಳು ಪ್ರಾರ್ಥನೆಗಿಳಿದಳು. ದೇವರನ್ನು ಅಭ್ಯಾಸಬಲದಿಂದ ‘ಯೂ’ ಎಂದೇ ಕರೆದಳು.

“‘ದೌ’!” ಕತ್ತಲೊಳಗಿಂದ ಗುಟುರು ಬಂತು.

ರೋಸಲಿಂಡ್ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು. ಮುಂದಿನ ಸಾಲನ್ನು ಹಳೆಯ ಮಾತಿನಲ್ಲೇ ಆರಂಭಿಸಿದಳು. ಪವಿತ್ರಾತ್ಮನನ್ನು ಹಳೆಯ ರೀತಿಯಲ್ಲಿ ‘ಘೋಸ್ಟ್’ ಎನ್ನಬೇಕಾದಲ್ಲಿ ಬೇಕೆಂದೇ ‘ಸ್ಪಿರಿಟ್’ ಎಂದಳು.

“‘ಘೋಸ್ಟ್’ ಅನ್ರೀ ಪಾದ್ರಿಯಮ್ಮ! ಸ್ಪಿರಿಟ್ ಅಂತೆ! ಅದು ಸ್ಟೌ ಹಚ್ಚೋಕೆ!”

ಪಕ್ಕದಲ್ಲಿ ಕಂದೀಲು ಹಿಡಿದು ನಿಂತಿದ್ದ ಈನಕ್‌ನ ತಂಗಿ ವಿನಿಫ್ರೆಡ್ ಸಿಡಿದಳು. “ಇಂಥಾ ಹೊತ್ತಲ್ಲೂ ಅಣ್ಣನ್ನ ಕೆಣಕ್ತೀರಲ್ಲ, ನಾಚ್ಕೆ ಆಗಲ್ವಾ?”

“ಕೆಣಕಿದ್ರೇನೇ ಎಚ್ಚರ ಇರೋದು,” ರೋಸಲಿಂಡ್ ಪಿಸುಗುಟ್ಟಿದಳು. “ಸುಮ್ನೆ ನೋಡ್ತಿರಿ.”

ಅವಳು ತಪ್ಪುತ್ತಲೇ ಹೋದಳು. ಪಾಪಗಳಿಗೆ ಹಳೆಯ ‘ಟ್ರೆಸ್ಪಾಸಸ್’ ಬದಲು ‘ಸಿನ್ಸ್’ ಎಂದಳು, ಬೈಗುಳ ಬಂತು. ಇನ್ನೊಂದು ತಪ್ಪು, ಬೈಗುಳ ತಡವಾಗಿ ಬಂತು. ಜೀವಂತರು ಎಂಬ ಅರ್ಥದ ಹಳೆಯ ‘ಕ್ವಿಕ್’ ಇದ್ದಲ್ಲಿ ‘ಲಿವಿಂಗ್’ ಎಂದಾಗ ಒಳಗಿನ ದನಿ ತರಗೆಲೆಯಷ್ಟೇ ಸದ್ದು ಮಾಡಿತು. “ಕ್ವಿಕ್…”

ಮುಂದಿನ ತಪ್ಪಿಗೆ ಉತ್ತರವೇ ಇಲ್ಲ.

ಅದನ್ನೇ ಮತ್ತೆ ಹೇಳಿದಳು. ವಿನಿಫ್ರೆಡ್ ಕಂದೀಲನ್ನೆತ್ತಿ ಗುಡ್ಡದತ್ತ ನೋಡಿದಳು. ಗುಡ್ಡದ ತಿರುವಿನಲ್ಲಿ ವಾಹನದ ದೀಪ ಕಂಡಿತಾದರೂ ಅದು ಇನ್ನೂ ದೂರವಿತ್ತು. ಪ್ರಾರ್ಥನೆಯೂ ಮುಗಿಯುತ್ತ ಬಂದಿತ್ತು. ತಪ್ಪಾಗಿ ಹೇಳಲು ಮಾತುಗಳೇ ಉಳಿದಿರಲಿಲ್ಲ.

ಉಳಿದದ್ದು ಒಂದೇ. ಅದನ್ನು ಮುಟ್ಟಿದ್ದಕ್ಕೇ ಅಲ್ಲವೇ ಅವನು ಅವಳನ್ನು ಮೊದಲ ದಿನ ದ್ವೇಷಿಸಿದ್ದು?

ಕೊನೆಯ ಸಾಲನ್ನು ಒಂದು ಅಕ್ಷರವೂ ತಪ್ಪದೆ ಹೇಳಿದಳು. ಬಾಗಿಲಿಗೆ ಬಾಯಿ ತಾಕಿಸಿ, ಇಡೀ ಗೋಪುರ ಅನುರಣಿಸುವಂತೆ ಕೂಗಿದಳು.

“ಆ—”

“ಏಯ್!” ಒಳಗೆ ಕಲ್ಲೊಂದು ಉರುಳಿತು. “ಅದು ನಂದು!”

“ಹಂಗಾದ್ರೆ ಹೇಳಿ ಮತ್ತೆ!”

ಕೆಮ್ಮು, ಬೈಗುಳ, ಉಸಿರಿನ ಒದ್ದಾಟ. ಆಮೇಲೆ ಬಿರುಕು ಬಿಟ್ಟ ದನಿಯಲ್ಲಿ ಆಮೆನ್ ಬಂತು. ರೋಸಲಿಂಡ್ ಉಸಿರಾಡಲೂ ನಿಲ್ಲದೆ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹಿಡಿದಳು.

ಮೂರನೆಯ ಆಮೆನ್ ಹೊತ್ತಿಗೆ ಅಗ್ನಿಶಾಮಕದವರು ಬಾಗಿಲು ಕತ್ತರಿಸಿದರು. ಸ್ಟ್ರೆಚರಿನ ಮೇಲೆ ಧೂಳು ಮೆತ್ತಿದ ಮುಖ ಅವಳತ್ತ ಹೊರಳಿತು.

“ಬೇಕಂತಲೇ ತಪ್ಪು ಹೇಳ್ದೆ, ಅಲ್ವೇನೇ ಹುಡುಗಿ?”

“ಹೌದು.”

“ಭಾನುವಾರ ನೀ ನಿನ್ನ ಹೊಸ ಮಾತೇ ಆಡ್ಕೋ,” ಎಂದ ಈನಕ್. “ಕಡೇದು ಮಾತ್ರ ನಂಗೆ ಬಿಡು.”