ಸಿಗ್ನಲ್ ಇದ್ದ ಕಡೆ ನೆಟ್ಟ ಕೊಳವೆ

ಬೆಂಕಿಗೆ ಜ್ವಾಲೆಯೇ ಇರಲಿಲ್ಲ. ಕಾಪುವಾಸ್ ನದಿಯ ಜೌಗಿನಲ್ಲಿ ನೆಲವೆಂದರೆ ಕೊಳೆತ ಎಲೆ, ಬೇರು; ಒಣಗಿದರೆ ಬೆಂಕಿ ಅದರೊಳಗೇ ತೆವಳುತ್ತದೆ. ಬೇರು ಸುಟ್ಟ ಮರ, ಎಲೆ ಹಸಿರಾಗಿರುವಾಗಲೇ ಧೊಪ್ಪನೆ ಬೀಳುತ್ತದೆ. ಲಾಮಿಯಾಂಗ್‌ಳ ರಬ್ಬರ್ ತೋಟದಲ್ಲಿ ಬೆಳಗಿನಿಂದ ಹನ್ನೊಂದು ಬಿದ್ದಿದ್ದವು. ಉಳಿದ ಇನ್ನೂರು ಮರವೇ ಅವಳ ಅನ್ನ.

ಮೂರು ಕಿಲೋಮೀಟರ್ ಓಡಿ ನದಿದಡಕ್ಕೆ ಬಂದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ಪಂಪ್ ಕಳಿಸಿ ಸಾರ್, ನೆಲ ಉರೀತಿದೆ!"

"ಎಲ್ಲಮ್ಮಾ ಉರೀತಿದೆ?" ನಗರದ ಜೌಗು ಕಚೇರಿಯಿಂದ ಅಧಿಕಾರಿ ಅರಿಂತೊ ಕೇಳಿದ. "ಪರದೆ ಮೇಲೆ ನಿಮ್ಮೂರು ಹಸಿರು. ನೆಲದಲ್ಲಿ ನೀರು ಬೇಕಾದಷ್ಟಿದೆ."

ನೆಲದ ನೀರು ಅಳೆಯುವ ಕೊಳವೆ ಅವಳ ಕಾಲ ಬಳಿಯೇ ಇತ್ತು. ಒಳಗೆ ತೋಟಗಳ ಕಡೆ ಸಿಗ್ನಲ್ ಇಲ್ಲವೆಂದು ಎಂಜಿನಿಯರುಗಳು ಅದನ್ನು ನದಿಗೆ ತಾಗಿಸಿ ನೆಟ್ಟು ಹೋಗಿದ್ದರು. ಇದೇ ಸರ್ಕಾರ ಮೊದಲು ಭತ್ತ ಬೆಳೆಯಲೆಂದು ಕಾಲುವೆ ತೋಡಿ ಜೌಗನ್ನು ಬಸಿದು ಒಣಗಿಸಿತು. ಆಮೇಲೆ ಜೌಗು ಉಳಿಸಲೆಂದು ಅದೇ ಕಾಲುವೆಗೆ ಏಳು ಒಡ್ಡು ಹಾಕಿತು. ದೋಣಿಗೊಂದು ಸಂದು ಬಿಡಿ ಎಂದು ಊರವರು ಕೇಳಿದರೆ ನಕ್ಷೆಯಲ್ಲಿಲ್ಲ ಎಂದರು. ನೀರು ಮಾತ್ರ ಒಡ್ಡಿನಡಿ ನುಸುಳಿಕೊಂಡು ಹೋಯಿತು.

"ನದೀಲಿ ನೀರಿದೆ ಅಂತ ಹೇಳೋಕೆ ಇಷ್ಟು ದೊಡ್ಡ ಯಂತ್ರ ಬೇಕಿತ್ತೇನೆ?" ದಡದಲ್ಲಿ ತನ್ನ ದೋಣಿಯಲ್ಲಿ ಕೂತಿದ್ದ ಬಾಹೆನ್ ಮಾವ ಉಗುಳಿದ.

ಲಾಮಿಯಾಂಗ್ ಕೊಳವೆಯತ್ತ ಬಾಗಿದಳು. ಮುಚ್ಚಳ ಕಿತ್ತೆಸೆದು, ತಂತಿ ಹಿಡಿದು, ಒಳಗೆ ತೂಗುತ್ತಿದ್ದ ಯಂತ್ರವನ್ನು ನೀರಿನಿಂದ ಮೇಲಕ್ಕೆಳೆದು ಹಿಡಿದು ನಿಂತಳು.

ಸ್ವಲ್ಪ ಹೊತ್ತಿಗೆ ಫೋನು ಬಂತು. "ಅಮ್ಮಾ, ನಿಮ್ಮೂರು ಕೆಂಪಾಯ್ತು! ಮೊದಲೇ ಹೇಳಬಾರದಾ? ಪಂಪ್ ಹೊರಡ್ತಿದೆ."

ಎರಡು ಗಂಟೆಯ ಮೇಲೆ ಪಂಪಿನ ದೋಣಿ ಬಂತು. ನಾಲ್ವರು ಪಂಪಿಳಿಸಿ, ಕೊಳವೆಯ ಸುತ್ತಲಿನ ಕೆಸರಿಗೇ ನೀರು ಬಿಡತೊಡಗಿದರು.

"ಇಲ್ಲಲ್ಲ ಕಣ್ರಪ್ಪಾ! ತೋಟ ಒಳಗಿದೆ!"

"ಆದೇಶ ಈ ಜಾಗಕ್ಕೆ ಅಕ್ಕಾ. ಒಳಗೆ ಹೋಗೋಣ ಅಂದ್ರೂ ಒಡ್ಡು ದಾಟಿ ದೋಣಿ ಹೋಗಲ್ಲ," ಎಂದ ಮುಖಂಡ. ಫೋಟೋ ತೆಗೆದು ಕಚೇರಿಗೆ ಕಳಿಸಿದ.

ಅವಳು ಪಂಪಿನ ಎಂಜಿನ್ ಆರಿಸಿದಳು. ಅದರ ಚೌಕಟ್ಟಿಗೆ ಗಳ ತೂರಿಸಿ ಒಂದು ತುದಿಗೆ ಹೆಗಲು ಕೊಟ್ಟಳು. ಪಂಪ್ ಅಲುಗಲಿಲ್ಲ. ನಾಲ್ವರೂ ನೋಡುತ್ತ ನಿಂತರು. ಒಳಗೆಲ್ಲೋ ಮರ ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು.

ಬಾಹೆನ್ ಮಾವ ತನ್ನ ದೋಣಿಯಿಂದಿಳಿದು ಇನ್ನೊಂದು ತುದಿಗೆ ಹೆಗಲಿಟ್ಟ.

"ನಾವು ಮುಟ್ಟೋಷ್ಟರಲ್ಲಿ ಏನೂ ಉಳಿದಿರಲ್ಲ ಮಗಾ."

"ಎತ್ತು ಮಾವಾ," ಎಂದಳು.